ಬೀರಪ್ಪನಿಗೆ ಹೇಳಬೇಕಾಗಿದ್ದ ಮಾತು

ಹೋದ ತಿಂಗಳು ಪರೀಕ್ಷೆಯ ಕೆಲಸವೊಂದಕ್ಕೆ ಜಮಖಂಡಿಗೆ ಹೋಗಬೇಕಾಗಿ ಬಂತು. ಧಾರವಾಡದಿಂದ ಹೊರಟವಳು ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ ಬೀಳಗಿ ದಾರಿ ಹಿಡಿದಿದ್ದೆ. ಜಿಟಿಜಿಟಿ ಮಳೆ. ಬೀಳಗಿಯಲ್ಲಿ ಹತ್ತಿದ ಮುದುಕನೊಬ್ಬ ತೋಯ್ದ ಕಂಬಳಿಯನ್ನು ಹಾಗೇ ಹೊದ್ದುಕೊಂಡು ನನ್ನ ಪಕ್ಕದಲ್ಲಿ ಬಂದು ಕುಳಿತ.

"ಯಜ್ಜಾ, ಕಂಬಳಿ ಮಡಚಿ ಕೆಳಗ ಇಡು. ಅಕ್ಕಾರ ಸೀರಿ ತೊಯ್ತೈತಿ," ಎಂದು ಕಂಡಕ್ಟರ್ ಗದರಿಸಿದ.

"ಇರ್ಲಿ ಬಿಡ್ರಿ," ಎಂದೆ.

ಉಣ್ಣೆ, ಒಲೆಯ ಹೊಗೆ, ಕುರಿಯ ಮೈ, ಮಳೆನೀರು ಎಲ್ಲ ಸೇರಿದ ಆ ವಾಸನೆ ಎಷ್ಟೋ ವರ್ಷಗಳ ಹಿಂದೆ ಒಂದಿಡೀ ಮಳೆಗಾಲ ನಾನು ಕೆಲಸ ಮಾಡುತ್ತಿದ್ದ ಕಟ್ಟಡದ ಒಂದು ಕೋಣೆಯನ್ನು ತುಂಬಿಕೊಂಡಿತ್ತು. ಆಮೇಲೆ ಗೋಡೆಗೆ ಸುಣ್ಣ ಬಳಿಸಿದರೂ ಹೋಗಿರಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತೆ. ಮುದುಕ ನಡುವೆ ಎಲ್ಲಿ ಇಳಿದುಹೋದನೋ ಗೊತ್ತಾಗಲಿಲ್ಲ.

ಆಗ ನಾನು ಜಮಖಂಡಿಯಲ್ಲಿ ನಮ್ಮ ವಿಶ್ವವಿದ್ಯಾಲಯದ ಒಂದು ಸಂಸ್ಥೆಯ ನಿರ್ದೇಶಕಿಯಾಗಿದ್ದೆ. ಬೌದ್ಧಿಕ ವಿಕಲತೆ ಇರುವವರಿಗಾಗಿ ತೆರೆದ ಸಂಸ್ಥೆ ಅದು. ಗುಡ್ಡದ ಬುಡದಲ್ಲಿ ಸಂಸ್ಥಾನ ಕಾಲದ ಕಲ್ಲಿನ ಕಟ್ಟಡ. ಒಂದು ಮಗ್ಗುಲಿನಲ್ಲಿ ವಿಶೇಷ ಶಿಕ್ಷಕರಾಗಲು ಬಂದವರಿಗೆ ಪಾಠ, ಇನ್ನೊಂದು ಮಗ್ಗುಲಿನಲ್ಲಿ ಮಕ್ಕಳ ಶಾಲೆ, ಹಿಂದಿನ ಉದ್ದನೆಯ ಕೋಣೆಯಲ್ಲಿ ದೊಡ್ಡವರಿಗೆ ಕೆಲಸ ಕಲಿಸುವ ಕಾರ್ಯಾಗಾರ. ರಬಕವಿ-ಬನಹಟ್ಟಿಯ ಕಡೆಯಿಂದ ಬರುತ್ತಿದ್ದ ಹುಡುಗ ಹುಡುಗಿಯರು ಅಲ್ಲಿ ಕುಳಿತು ನೇಕಾರರ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದರು. ನಾನೂ ರಬಕವಿಯ ನೇಕಾರರ ಮನೆಯವಳೇ. ನನ್ನ ತಾಯಿ ಕಂಡಿಕೆ ಸುತ್ತುತ್ತಲೇ ನಮ್ಮನ್ನು ಬೆಳೆಸಿದವಳು. ಹಾಗಾಗಿ ಆ ಕೋಣೆಗೆ ಹೋದರೆ ತವರಿಗೆ ಹೋದಂತಿರುತ್ತಿತ್ತು.

ಬಾಗಿಲ ಮೇಲಿನ ಬೋರ್ಡಿನಲ್ಲಿ ಸಂಸ್ಥೆಗೆ ಎರಡು ಸಾಲಿನ ಹೆಸರಿತ್ತು. ಊರವರ ಬಾಯಲ್ಲಿ ಅದು 'ಮಬ್ಬರ ಸಾಲಿ', ದಡ್ಡರ ಶಾಲೆ. ಬಸ್‌ಸ್ಟ್ಯಾಂಡಿನಲ್ಲಿ ಆಟೋದವರು "ಮಬ್ಬರ ಸಾಲಿಗೇನ್ರಿ ಅಕ್ಕಾರ?" ಎಂದು ಕೇಳಿದಾಗ ಮೊದಮೊದಲು ಸಿಟ್ಟು ಬರುತ್ತಿತ್ತು. ಹಾಗೆ ಕೇಳುತ್ತಿದ್ದವನೊಬ್ಬ ಒಂದು ದಿನ ತನ್ನ ತಂಗಿಯ ಮಗಳನ್ನು ಕೈಹಿಡಿದು ಕರೆತಂದು, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ಆಮೇಲೆ ಸಿಟ್ಟು ಮಾಡುವುದನ್ನು ಬಿಟ್ಟೆ. ವಿಶ್ವವಿದ್ಯಾಲಯದ ಸಭೆಗಳಲ್ಲಿ ನಮ್ಮ ಸಂಸ್ಥೆಯ ವಿಷಯ ಯಾವಾಗಲೂ ಕೊನೆಗೆ ಬರುತ್ತಿತ್ತು. ನಾನು ಎದ್ದು ನಿಲ್ಲುವ ಹೊತ್ತಿಗೆ ಚಹಾ ಬಂದಿರುತ್ತಿತ್ತು, ಎಲ್ಲರೂ ಕುರ್ಚಿ ಹಿಂದಕ್ಕೆ ಸರಿಸುತ್ತಿರುತ್ತಿದ್ದರು.

ನಾನು ಹೇಳುತ್ತಿರುವ ವರ್ಷ ಶ್ರಾವಣದಲ್ಲಿ ಕೃಷ್ಣೆ ಏರಿದಳು. ನಮ್ಮ ಕಡೆ ಮೊದಲು ಹನಿ ಮಳೆಯೂ ಇರಲಿಲ್ಲ, ಬಿಸಿಲೇ ಇತ್ತು. ಘಟ್ಟದ ಮೇಲೆ ಸುರಿದದ್ದು, ಮಹಾರಾಷ್ಟ್ರದ ಅಣೆಕಟ್ಟುಗಳಿಂದ ಬಿಟ್ಟದ್ದು, ಎಲ್ಲ ಸೇರಿ ಕೆಂಪು ನೀರಾಗಿ ಕಬ್ಬಿನ ಹೊಲಗಳ ಮೇಲೆ ಹರಿದು ಬಂತು. ಹೊಳೆಸಾಲಿನ ಹಳ್ಳಿಗಳ ಜನ ಟ್ರ್ಯಾಕ್ಟರುಗಳಲ್ಲಿ ದನ, ಕಾಳಿನ ಚೀಲ, ಹಾಸಿಗೆ ಹೇರಿಕೊಂಡು ಜಮಖಂಡಿಗೆ ಬಂದರು. ಶಾಲೆಗಳೆಲ್ಲ ಗಂಜಿ ಕೇಂದ್ರಗಳಾದವು. ಆಮೇಲೆ ಇಲ್ಲೂ ಮಳೆ ಹಿಡಿಯಿತು.

ಅಂಥದೊಂದು ಮಧ್ಯಾಹ್ನ ಶಕೀಲಾ ನನ್ನ ಕೋಣೆಗೆ ಬಂದಳು. ಮುಧೋಳದ ಕಡೆಯ ಹುಡುಗಿ, ನಮ್ಮಲ್ಲಿ ಕಾರ್ಯಾಗಾರದ ಶಿಕ್ಷಕಿ. ಜೋರಾಗಿ ಮಾತಾಡಿದವಳೇ ಅಲ್ಲ.

"ಮೇಡಂ, ಗಂಜಿ ಕೇಂದ್ರದಿಂದ ಒಬ್ಬಾಕಿನ್ನ ಕಳಿಸ್ಯಾರ್ರಿ. ಜೋಡಿ ಮಗನೂ ಅದಾನ. ದೊಡ್ಡಾಂವ."

ಹೊರಗೆ ಬಂದೆ. ಮೆಟ್ಟಿಲ ಕೆಳಗೆ ಒಬ್ಬ ಮುದುಕಿ ತಲೆಯ ಮೇಲೆ ಉಣ್ಣೆಯ ಗಂಟು ಹೊತ್ತು ನಿಂತಿದ್ದಳು. ಅವಳಿಗಿಂತ ಎರಡು ಗೇಣು ಎತ್ತರದ ಗಂಡಸೊಬ್ಬ ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಕೂದಲು. ಮೈಮೇಲೆ ತೋಯ್ದ ಕಂಬಳಿ. ಮುದುಕಿಯ ಹೆಸರು ಮಾಳವ್ವ, ಅವನ ಹೆಸರು ಬೀರಪ್ಪ. ಕುರಿ ಸಾಕುವ ಮನೆಯವರು. ಹಿರಿಯ ಮಗ ಸಿದ್ದಪ್ಪ ಹೆಂಡತಿ ಮಕ್ಕಳ ಜೊತೆ ಕುರಿ ಹಿಂಡು ಹೊಡೆದುಕೊಂಡು ಮುಧೋಳದ ಆಚೆ ಎಲ್ಲೋ ಇದ್ದ.

"ಅಲ್ಲಿ ಮಂದಿ ಇವನ್ನ ತಡಕೊಳವಲ್ರು ಯವ್ವಾ," ಎಂದಳು ಮಾಳವ್ವ. "ಸಂಜಿ ಆತಂದ್ರ ಕುರಿ ಕರೀತಾನ. ಮಂದಿ ಕೂಸುಗೋಳನ್ನ ಎತ್ತಾಕ ಹೋಗ್ತಾನ. ಹೊಡಿಯಾಕ ಬಂದ್ರು. ಹೊಡೀಬ್ಯಾಡ್ರಿ, ಅವಂಗ ತಿಳಿಯಾಂಗಿಲ್ಲ ಅಂದೆ. ತಿಳಿಯಾಂಗಿಲ್ಲಂದ್ರ ಕಟ್ಟಿ ಹಾಕು ಅಂದ್ರು."

ನಮ್ಮದು ಹಗಲಿನ ಸಂಸ್ಥೆ, ಯಾರನ್ನೂ ಉಳಿಸಿಕೊಳ್ಳುವ ಅನುಮತಿ ಇರಲಿಲ್ಲ. ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದೆ. ಕುಲಸಚಿವರು ಒಳ್ಳೆಯವರೇ. ನೆರೆ ಇಳಿಯುವ ತನಕ ಇರಲಿ, ಆಮೇಲೆ ಒಂದು ದಿನವೂ ಬೇಡ ಎಂದರು. ಕಾರ್ಯಾಗಾರದ ಒಂದು ಮೂಲೆಯಲ್ಲಿ ಇಬ್ಬರಿಗೂ ಜಾಗ ಮಾಡಿಕೊಟ್ಟೆವು.

ಮಾಳವ್ವನ ದಿನಚರಿಯೆಲ್ಲ ಬೀರಪ್ಪನ ಸುತ್ತಲೇ ಇತ್ತು. ಮುಖ ತೊಳೆಸುವವಳು ಅವಳು, ತಲೆ ಬಾಚುವವಳು ಅವಳು. ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ಬಾಯಿಗಿಡುವವಳೂ ಅವಳೇ. ಅವನು ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದ. ಅವನಿಗೆ ಊಟ ಮುಗಿದ ಮೇಲೆ ಅವಳು ಅದೇ ತಾಟಿನಲ್ಲಿ ಉಣ್ಣುತ್ತಿದ್ದಳು. ಆಮೇಲೆ ಕಾಲು ಚಾಚಿ ಕುಳಿತು ಕದಿರು ತಿರುಗಿಸಿ ಉಣ್ಣೆ ನೂಲುತ್ತಿದ್ದಳು. ಅವನು ಎದುರಿಗೆ ಕುಳಿತು ಉಣ್ಣೆಯನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಮೋಡದಂತೆ ಮಾಡಿ ಅವಳ ಕಡೆ ಸರಿಸುತ್ತಿದ್ದ. ಅದೊಂದು ಕೆಲಸ ಅವನಿಗೆ ಬರುತ್ತಿತ್ತು, ಬಲು ಚೆಂದ ಬರುತ್ತಿತ್ತು. ಕಂಡಿಕೆ ಸುತ್ತುವ ಹುಡುಗಿಯರು ತಮ್ಮ ಕೆಲಸ ಬಿಟ್ಟು ಅವನ ಸುತ್ತ ಕೂರತೊಡಗಿದರು. ಅವನು ಪ್ರತಿಯೊಬ್ಬಳ ಕೈಗೂ ಒಂದೊಂದು ಹಿಡಿ ಉಣ್ಣೆ ಕೊಟ್ಟು ನಗುತ್ತಿದ್ದ. ಸಂಜೆಯಾದರೆ ಮಾತ್ರ ಅಂಗಳಕ್ಕೆ ಹೋಗಿ, ನಾಲಗೆಯನ್ನು ಅಂಗುಳಕ್ಕೆ ಬಡಿದು, ಅಲ್ಲಿಲ್ಲದ ಕುರಿಗಳನ್ನು ಕರೆಯುತ್ತಿದ್ದ. ಮಳೆಯಲ್ಲಿ ಆ ಸದ್ದು ಗುಡ್ಡದ ತನಕ ಹೋಗಿ ಬರುತ್ತಿತ್ತು.

ಅವನು ತಾನೇ ಉಣ್ಣುವುದನ್ನು ಕಲಿಯಬೇಕು ಎಂದು ಶಕೀಲಾ ಹಟ ಹಿಡಿದಳು. ಮಾಳವ್ವ ಒಪ್ಪಲಿಲ್ಲ.

"ನಾ ಉಣಸಿದ್ರ ನಿಮಗೇನ ತ್ರಾಸು ಅಕ್ಕಾರ?" ಎಂದು ನನ್ನನ್ನೇ ಕೇಳಿದಳು.

"ನಮಗೇನೂ ತ್ರಾಸಿಲ್ಲವ್ವ. ನಿನಗ ಜ್ವರ ಬಂದ ದಿನ ಅವಾ ಉಪಾಸ ಇರಬಾರದಲ್ಲ?"

"ಜ್ವರ ಬಂದಾಗೂ ಉಣಿಸೇನಿ."

"ಹಂಗಲ್ಲವ್ವ, ಮುಂದ ಒಂದ ದಿನ..." ಎಂದ ಶಕೀಲಾ ಅಲ್ಲಿಗೇ ನಿಲ್ಲಿಸಿದಳು.

ಮಾಳವ್ವ ಕದಿರು ಕೆಳಗಿಟ್ಟಳು. "ನಾ ಸತ್ತ ದಿನ ಅಂತೀಯಲ್ಲ? ಅದನ್ನ ನಾ ದಿನಾ ನೆನಸ್ತೇನಿ ತಂಗಿ. ಬೀರೇಶ್ವರಗ ಒಂದ ಬೇಡಿಕೊಂಡೇನಿ. ಮೊದಲ ಇವನ್ನ ಕರಕೊ, ಮರುದಿನ ನನ್ನ ಕರಕೊ ಅಂತ. ಯಾ ತಾಯಿ ಹಂಗ ಬೇಡಿಕೋತಾಳ ಹೇಳು?"

ಎಲ್ಲ ತಾಯಂದಿರೂ ಹಾಗೆಯೇ ಬೇಡಿಕೊಳ್ಳುತ್ತಿದ್ದರು. ಬೇರೆ ಬೇರೆ ದೇವರಿಗೆ, ಬೇರೆ ಬೇರೆ ಮಾತಿನಲ್ಲಿ. ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಕುಳಿತು ಇದೇ ಮಾತನ್ನು ಹೇಳಿ ಕಣ್ಣೊರೆಸಿಕೊಂಡವರು ಅದೆಷ್ಟು ಜನ. ನಾನು ಪಾಠದಲ್ಲಿ ಅದಕ್ಕೆ ಏನೇನೋ ಉತ್ತರ ಹೇಳಿಕೊಡುತ್ತಿದ್ದೆ. ಆ ಹೊತ್ತು ಕೆಳಗಿಟ್ಟ ಕದಿರನ್ನು ಎತ್ತಿ ಅವಳ ಕೈಗೆ ಕೊಟ್ಟೆ.

ಮರುದಿನ ಬೆಳಿಗ್ಗೆ ಮಾಳವ್ವ ರೊಟ್ಟಿ ಪಲ್ಯವನ್ನು ತಾಟಿಗೆ ಹಾಕಿ ಬೀರಪ್ಪನ ಮುಂದೆ ಇಟ್ಟಳು. ತಾನು ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಅವನು ಬಾಯಿ ತೆರೆದ. ತುತ್ತು ಬರಲಿಲ್ಲ. ಅವಳ ಬೆನ್ನು ತಟ್ಟಿದ. ಸೆರಗು ಎಳೆದ. ನಕ್ಕ. ಅತ್ತ. ಅವಳು ತಿರುಗಲಿಲ್ಲ, ಆದರೆ ಅವಳ ಹೆಗಲು ಅಲುಗುತ್ತಿದ್ದುದು ನಮಗೆಲ್ಲ ಕಾಣುತ್ತಿತ್ತು. ಆ ಹೊತ್ತು ಅವನು ಉಣ್ಣಲಿಲ್ಲ. ಮಧ್ಯಾಹ್ನ ಶಕೀಲಾ ಅವನ ಪಕ್ಕ ಕುಳಿತು, ಅವನ ಕೈಯೊಳಗೆ ತನ್ನ ಕೈಯಿಟ್ಟು ರೊಟ್ಟಿ ಮುರಿಸಿದಳು. ಎದೆಯ ಮೇಲೆಲ್ಲ ಬೇಳೆ ಚೆಲ್ಲಿಕೊಂಡು ಅವನು ಉಂಡ.

"ಉಂಡನಲ್ಲ," ಎಂದಳು ಮಾಳವ್ವ, ತಿರುಗಿ ನೋಡಿ. ಅಷ್ಟೇ. ಎದ್ದು ಹೊರಗೆ ಹೋಗಿ ನಳದ ಹತ್ತಿರ ಕುಳಿತಳು. ನಾನು ಹತ್ತಿರ ಹೋದೆ. "ಖುಷಿ ಆತಿಲ್ಲವ್ವ?" ಎಂದೆ.

"ಆತ್ರಿ," ಎಂದಳು. ನಳದ ಕೆಳಗೆ ಕೈಯೊಡ್ಡಿ, "ಕೈಗಿ ಕೆಲಸ ಇಲ್ಲದಂಗಾತು," ಎಂದಳು.

ಭಾದ್ರಪದದ ಹೊತ್ತಿಗೆ ನೀರು ಇಳಿಯಿತು. ಗಂಜಿ ಕೇಂದ್ರಗಳು ಖಾಲಿಯಾದವು. ಮಾಳವ್ವನ ಮನೆ ಬಿದ್ದಿತ್ತು. ಊರಲ್ಲಿ ತಗಡಿನ ಶೆಡ್ಡು ಹಾಕಿಕೊಡುತ್ತಾರೆ ಎಂದು ಸುದ್ದಿ ಬಂದರೂ ಅವಳು ಹೊರಡುವ ಮಾತೆತ್ತಲಿಲ್ಲ. ಇನ್ನಷ್ಟು ದಿನ, ಇನ್ನಷ್ಟು ದಿನ ಎನ್ನುತ್ತಿದ್ದಳು. ನೀರು ಇಳಿದದ್ದನ್ನು ನಾನೂ ಕುಲಸಚಿವರಿಗೆ ತಿಳಿಸಲಿಲ್ಲ. ಬೀರಪ್ಪ ತಾನೇ ಅಂಗಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದ. ಗುಂಡಿಗಳು ಒಂದೂ ಸರಿಯಾದ ಕಾಜಿಗೆ ಸೇರುತ್ತಿರಲಿಲ್ಲ. ಮಾಳವ್ವ ಈಗ ತಾನೇ ಶಕೀಲಾಳನ್ನು ಒತ್ತಾಯಿಸುತ್ತಿದ್ದಳು: ಅದನ್ನ ಕಲಿಸು, ಇದನ್ನ ಕಲಿಸು, ಚಡ್ಡಿ ಲಾಡಿ ಕಟ್ಟೂದ ಕಲಿಸು. ಆ ಅವಸರ ಯಾಕೆಂದು ನಮಗೆ ಆಮೇಲೆ ಗೊತ್ತಾಯಿತು. ಅವಳ ಕಾಲು ಬಾತಿದ್ದವು. ಸೀರೆಯೊಳಗೆ ಮುಚ್ಚಿಕೊಂಡು ಓಡಾಡುತ್ತಿದ್ದಳು. ಒಂದು ದಿನ ನಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕುಸಿದು ಕುಳಿತಳು.

ಊರಿನ ದವಾಖಾನೆಯಲ್ಲಿ ನೋಡಿದ ಡಾಕ್ಟರು ಹೃದಯ ಬಹಳ ದಣಿದಿದೆ, ಬಾಗಲಕೋಟೆಗೆ ಕರೆದುಕೊಂಡು ಹೋಗಿ ಎಂದರು. ಸಿದ್ದಪ್ಪನಿಗೆ ಫೋನು ಹೋಯಿತು. ಅವನು ಬಾಗಲಕೋಟೆಗೇ ನೇರ ಬರುತ್ತೇನೆ ಎಂದ. ಆಂಬುಲೆನ್ಸು ಅವಳನ್ನು ಕರೆದೊಯ್ಯುವ ಮೊದಲು ನಮ್ಮ ಗೇಟಿನ ಮುಂದೆ ನಿಂತಿತು. ಹಾಗೆ ನಿಲ್ಲಿಸಬೇಕೆಂದು ಮಾಳವ್ವ ಹಟ ಮಾಡಿದ್ದಳು. ಬೀರಪ್ಪ ಬಂದು ಬಾಗಿಲಲ್ಲಿ ಇಣುಕಿದ.

"ಪ್ಯಾಟಿಗಿ ಹೋಗಿ ಬರ್ತೇನಿ ಮಗಾ," ಎಂದಳು. "ಉಂಡು ಶ್ಯಾಣ್ಯಾ ಆಗಿ ಇರು."

ಅವನು ತಲೆಯಾಡಿಸಿದ. ಪೇಟೆಗೆ ಹೋದವಳು ಯಾವಾಗಲೂ ಬೆಲ್ಲ ಪುಟಾಣಿ ತಂದವಳೇ. ಮಾಳವ್ವ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ನಾ ಬರಲಿಲ್ಲಂದ್ರ ಅವಂಗ ನೀವ ಏನರ ಹೇಳ್ರಿ ಅಕ್ಕಾರ."

ಏನಾದರೂ ಹೇಳಿ. ಇದ್ದದ್ದನ್ನು ಹೇಳಿ ಎಂದಳೋ, ಏನೋ ಒಂದು ಹೇಳಿ ಸಮಾಧಾನ ಮಾಡಿ ಎಂದಳೋ, ಇವತ್ತಿಗೂ ನನಗೆ ತಿಳಿಯದು.

ಬೀರಪ್ಪ ಅಂದಿನಿಂದ ಗೇಟಿನಲ್ಲಿ ನಿಲ್ಲತೊಡಗಿದ. ಯಾವ ಆಟೋ ನಿಂತರೂ ಓಡಿಹೋಗಿ ಒಳಗೆ ಬಗ್ಗಿ ನೋಡುತ್ತಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ತಾನೇ ಉಣ್ಣುತ್ತಿದ್ದ, ಅರ್ಧ ರೊಟ್ಟಿಯನ್ನು ತಾಟಿನಲ್ಲಿ ಉಳಿಸಿ ಮತ್ತೆ ಗೇಟಿಗೆ ಹೋಗುತ್ತಿದ್ದ. ಉಣ್ಣೆ ಮುಟ್ಟಲಿಲ್ಲ. ಆ ವಾರ ಬಿಟ್ಟೂ ಬಿಡದೆ ಹನಿಯುತ್ತಿತ್ತು. ಅವನ ಕಂಬಳಿ ಒಣಗಲೇ ಇಲ್ಲ.

ಸಿದ್ದಪ್ಪನ ಫೋನು ಒಂದು ಬೆಳಿಗ್ಗೆ ಬಂತು. ನಾನು ತರಗತಿಯಲ್ಲಿದ್ದೆ.

"ಅವ್ವ ಹೋದ್ಲರಿ ಅಕ್ಕಾರ," ಎಂದ. "ಊರಿಗಿ ತಗೊಂಡ ಬಂದೇವ್ರಿ. ಮಧ್ಯಾನಕ್ಕ ಮಣ್ಣು ಮಾಡ್ತೇವಿ." ಆಮೇಲೆ ದನಿ ತಗ್ಗಿಸಿ, "ಬೀರ್ಯಾಗ ಹೇಳಬ್ಯಾಡ್ರಿ. ಕರಕೊಂಡೂ ಬರಬ್ಯಾಡ್ರಿ. ಹಿರ್ಯಾರು ಬ್ಯಾಡ ಅಂತಾರ. ಪ್ಯಾಟಿಗಿ ಹೋಗ್ಯಾಳಂತ ತಿಳಕೊಂಡಿರ್ಲಿ," ಎಂದ.

ನಾನು ಫೋನು ಹಿಡಿದು ನಿಂತಿದ್ದ ಹಾಗೆ ವಿದ್ಯಾರ್ಥಿಗಳೆಲ್ಲ ನನ್ನ ಮುಖ ನೋಡುತ್ತಿದ್ದರು. ಇದೇ ವಿಷಯವನ್ನು ಅವರಿಗೆ ನಾನೇ ಪಾಠ ಮಾಡಿದ್ದೆ. ಬೀರಪ್ಪನಂಥವರಿಗೂ ದುಃಖವಿದೆ, ಸಾವನ್ನು ಮುಚ್ಚಿಟ್ಟರೆ ಅವರು ಕಾಯುತ್ತಲೇ ಇರುತ್ತಾರೆ, ಸರಳ ಮಾತಿನಲ್ಲಿ ನಿಜ ಹೇಳಬೇಕು ಎಂದು. ಪಾಠ ಹೇಳುವಾಗ ಅದು ಸುಲಭದ ಮಾತಾಗಿತ್ತು. ಈಗ ಒಂದು ಮನೆಯವರ ಹೆಣ, ಒಂದು ಮನೆಯವರ ದುಃಖ. ನಡುವೆ ಹೋಗಲು ನಾನು ಯಾರು? ತರಗತಿ ಬಿಟ್ಟು ಹೊರಗೆ ಬಂದೆ. ಶಕೀಲಾ ಕಂಬಕ್ಕೆ ಒರಗಿ ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿದಿತ್ತು.

"ಅವಾ ಗೇಟಿನ್ಯಾಗ ಅದಾನ್ರಿ ಮೇಡಂ," ಎಂದಳು.

ಅಷ್ಟು ಸಾಕಾಯಿತು. ಸಂಸ್ಥೆಯ ಜೀಪು ತರಿಸಿದೆ. ಬೀರಪ್ಪನ ಎದುರಿಗೆ ನಿಂತು ಹೇಳಲು ಬಾಯಿ ತೆರೆದೆ. ಬಂದದ್ದು ಇಷ್ಟೇ: "ಅವ್ವ ಊರಾಗ ಅದಾಳ. ನೋಡಾಕ ಹೋಗೂಣು ಬಾ."

ಅವನು ಒಂದೇ ನೆಗೆತಕ್ಕೆ ಜೀಪು ಹತ್ತಿದ. ದಾರಿಯುದ್ದಕ್ಕೂ ನಗುತ್ತಿದ್ದ. ಕೆಸರು ಮೆತ್ತಿದ ಕಬ್ಬು ಎರಡೂ ಕಡೆ ಮಲಗಿತ್ತು. ಕುರಿ ಕಂಡರೆ ಕೈಮಾಡಿ ತೋರಿಸುತ್ತಿದ್ದ. ಶಕೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು.

ಊರಲ್ಲಿ ಗೋಡೆಗಳ ಮೇಲೆ ನೀರು ನಿಂತ ಗುರುತು ಎದೆಯೆತ್ತರಕ್ಕೆ ಇತ್ತು. ಮಾಳವ್ವನಿಗೆ ಮನೆ ಇಲ್ಲದ್ದರಿಂದ ಶಾಲೆಯ ಪಡಸಾಲೆಯಲ್ಲಿ ಮಲಗಿಸಿದ್ದರು. ಜೀಪು ಕಂಡು ಎತ್ತರದ ಗಂಡಸೊಬ್ಬ ಎದ್ದು ಬಂದ. ಬೀರಪ್ಪನದೇ ಮುಖ, ಆದರೆ ನಗುವಿಲ್ಲದ್ದು. ಸಿದ್ದಪ್ಪ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ನಾ ಹೇಳಿದ್ನಲ್ರಿ ಅಕ್ಕಾರ," ಎಂದ. ಸಿಟ್ಟಿಗಿಂತ ಹೆಚ್ಚು ದಣಿವು ಇತ್ತು.

"ಹೇಳಿದ್ರಿ. ನೀವ ಬ್ಯಾಡ ಅಂದ್ರ ಈಗೂ ಹೊಳ್ಳಿ ಕರಕೊಂಡ ಹೋಗ್ತೇನಿ. ಆದ್ರ ಅವಾ ದಿನಾ ಗೇಟಿನ್ಯಾಗ ನಿಂದರ್ತಾನ. ಅವ್ವ ಬರ್ತಾಳಂತ. ಎಷ್ಟ ದಿನ ನಿಂದ್ರಸೂದ್ರಿ?"

ಹಿಂದೆ ನಿಂತಿದ್ದ ಹಿರಿಯರೊಬ್ಬರು, "ಅವಂಗೇನ ತಿಳಿತೈತಿ? ಸುಮ್ನ ಗದ್ಲ ಮಾಡ್ತಾನ," ಎಂದರು. ಸಿದ್ದಪ್ಪ ಏನೋ ಹೇಳಲು ಹೊರಟ. ಅಷ್ಟರಲ್ಲಿ ಬೀರಪ್ಪ ಜೀಪಿನಿಂದ ಇಳಿದು ಜನರ ನಡುವೆ ದಾರಿ ಮಾಡಿಕೊಂಡು ಹೋಗಿಬಿಟ್ಟಿದ್ದ.

ತಾಯಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತ. ಅಳುತ್ತಿದ್ದ ಹೆಂಗಸರು ಸರಿದು ಜಾಗ ಬಿಟ್ಟರು.

"ಅವ್ವಾ, ಏಳ," ಎಂದ. ಗಲ್ಲ ಮುಟ್ಟಿದ. ಕೈ ಹಿಂದಕ್ಕೆ ತೆಗೆದು ತನ್ನ ಅಂಗೈ ನೋಡಿಕೊಂಡ. "ಥಂಡಿ," ಎಂದ. ಹೆಗಲ ಮೇಲಿನ ಕಂಬಳಿ ತೆಗೆದು ಅವಳಿಗೆ ಹೊದೆಸಿದ. ಕಾಲಿನ ಕಡೆ ಎಳೆದು ಸರಿ ಮಾಡಿದ. ಹಾಗೇ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತ, ಅವಳು ಬೆಚ್ಚಗಾಗಿ ಏಳಲಿ ಎಂದು ಕಾಯುವವನ ಹಾಗೆ.

ಎತ್ತುವ ಹೊತ್ತಾಯಿತು. ಅವನು ಕೈ ತೆಗೆಯಲಿಲ್ಲ. ಹರೆಯದವರಿಬ್ಬರು ರಟ್ಟೆ ಹಿಡಿದು ಎಬ್ಬಿಸಲು ನೋಡಿದರು. ಅವನು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಹಿರಿಯರು ನನ್ನ ಕಡೆ ನೋಡಿದರು. ಅವರ ನೋಟದಲ್ಲಿದ್ದ ಮಾತು ನನಗೆ ಗೊತ್ತಿತ್ತು. ನೆಲ ನೋಡಿದೆ.

"ಬಿಡ್ರಿ ಅವನ್ನ," ಎಂದ ಸಿದ್ದಪ್ಪ.

ಅವನು ಬಂದು ತಮ್ಮನ ಎದುರಿಗೆ, ತಾಯಿಯ ಆಚೆ ಮಗ್ಗುಲಿಗೆ ಕುಳಿತ. ತನ್ನ ಕಡೆಯ ಕಂಬಳಿಯ ಅಂಚನ್ನು ತಾನೂ ಎಳೆದು ಸರಿ ಮಾಡಿದ. ಆಮೇಲೆ ಹೇಳಿದ.

"ಬೀರ್ಯಾ. ಅವ್ವ ಸತ್ತಾಳ. ಏಳಾಂಗಿಲ್ಲ."

ಬೀರಪ್ಪ ಅಣ್ಣನ ಮುಖ ನೋಡಿದ.

"ನಾಳಿ?" ಎಂದ.

"ನಾಳಿನೂ ಏಳಾಂಗಿಲ್ಲ."

"ನಾಡದ?"

"ನಾಡದನೂ ಇಲ್ಲ. ಹೋದ ವರ್ಷ ನಮ್ಮ ಕರಿ ಟಗರು ಸತ್ತಿತ್ತಲ್ಲ, ನೆನಪೈತಿಲ್ಲೊ? ಹಂಗ ಅವ್ವನೂ ಸತ್ತಾಳ. ಮಣ್ಣಾಗ ಇಡಬೇಕು. ನೀ ಬಾ, ಇಬ್ರೂ ಇಡೂಣು."

ಬೀರಪ್ಪ ಕೈ ತೆಗೆದ. ತಾನೇ ಎದ್ದ. ಅಣ್ಣನ ಪಕ್ಕದಲ್ಲಿ ಹೆಗಲು ಕೊಟ್ಟು ನಡೆದ. ಕುಣಿಯ ಅಂಚಿನಲ್ಲಿ ಎಲ್ಲರೂ ಒಂದು ಹಿಡಿ ಮಣ್ಣು ಹಾಕಿ ಸರಿದರೆ, ಅವನು ಎರಡೂ ಕೈಯಿಂದ ಹಾಕುತ್ತಲೇ ಇದ್ದ. ಯಾರೂ ನಿಲ್ಲಿಸಲಿಲ್ಲ. ಅವನು ಅಳಲಿಲ್ಲ. ಸಿದ್ದಪ್ಪನೂ ಅಳಲಿಲ್ಲ. ಅತ್ತದ್ದು ಶಕೀಲಾ ಮತ್ತು ನಾನು.

ಕರ್ಮಾಂತರದ ತನಕ ಬೀರಪ್ಪ ಊರಲ್ಲೇ ಇದ್ದ. ಆಮೇಲೆ ಸಿದ್ದಪ್ಪ ಅವನನ್ನು ನಮ್ಮಲ್ಲಿಗೆ ಕರೆತಂದ. "ನಾವು ಊರೂರು ತಿರುಗೂ ಮಂದಿ. ಇವನ್ನ ಹೆಂಗ ಸಂಬಾಳಸೂದ್ರಿ? ಇಲ್ಲೇ ಇಟ್ಕೊರಿ," ಎಂದ. ನಾನು ವಿಶ್ವವಿದ್ಯಾಲಯಕ್ಕೆ ಹೋದೆ. ಕುಲಸಚಿವರ ಎದುರಿಗೆ ಕುಳಿತು, ಇಂಥವರಿಗಾಗಿ ನಾಲ್ಕಾರು ಹಾಸಿಗೆಯ ಒಂದು ವಸತಿ ಬೇಕು, ಕಟ್ಟಡದಲ್ಲಿ ಜಾಗವಿದೆ ಎಂದು ಕೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡರು. "ಮೇಡಂ, ನಾವು ಕಲಿಸುವ ಸಂಸ್ಥೆ. ಇಟ್ಟುಕೊಳ್ಳುವ ಸಂಸ್ಥೆಯಲ್ಲ. ಒಬ್ಬರನ್ನು ಇಟ್ಟುಕೊಂಡರೆ ನಾಳೆ ನೂರು ಜನ ಬರುತ್ತಾರೆ," ಎಂದರು. ನೂರು ಜನ ಬರುತ್ತಾರೆ ಎನ್ನುವುದೇ ನನ್ನ ಮಾತೂ ಆಗಿತ್ತು. ಒಂದೇ ಮಾತಿನಿಂದ ಇಬ್ಬರೂ ಬೇರೆ ಬೇರೆ ಕಡೆಗೆ ಹೋದೆವು. ಬರುವಾಗ ಬಸ್ಸಿನಲ್ಲಿ ನನಗೆ ಬಹಳ ವಯಸ್ಸಾದಂತೆ ಅನಿಸಿತು.

ಬೀರಪ್ಪನನ್ನು ಕಳಿಸಿಕೊಟ್ಟೆವು. ಶಕೀಲಾ ಸಿದ್ದಪ್ಪನ ಹೆಂಡತಿಯನ್ನು ಒಂದು ದಿನ ಕರೆಸಿಕೊಂಡು, ಅವನು ತಾನೇ ಏನೇನು ಮಾಡಬಲ್ಲ, ಯಾವುದಕ್ಕೆ ಮಾತ್ರ ಕೈ ಹಿಡಿಯಬೇಕು ಎಂದು ತೋರಿಸಿದಳು. ಆ ಹೆಣ್ಣುಮಗಳು ಬಗಲಲ್ಲಿ ಕೂಸು ಇಟ್ಟುಕೊಂಡು ಎಲ್ಲಕ್ಕೂ "ಹೂನ್ರಿ" ಎಂದಳು. ಬೀರಪ್ಪ ಹೋಗುವಾಗ ಕಂಡಿಕೆಯ ಹುಡುಗಿಯರು ಗೇಟಿನ ತನಕ ಬಂದರು. ಅವನು ಹಿಂತಿರುಗಿ ನೋಡಲಿಲ್ಲ. ಅಣ್ಣನ ಅಂಗಿಯ ಚುಂಗನ್ನು ಮುಷ್ಟಿಯಲ್ಲಿ ಹಿಡಿದಿದ್ದ.

ಸಂಕ್ರಾಂತಿ ಕಳೆದ ಮೇಲೆ ಅವರ ಹಿಂಡು ರನ್ನ ಬೆಳಗಲಿಯ ಹತ್ತಿರ ಒಬ್ಬರ ಹೊಲದಲ್ಲಿ ಇದೆ ಎಂದು ಶಕೀಲಾಳಿಗೆ ತಿಳಿಯಿತು. ಗೊಬ್ಬರಕ್ಕೆಂದು ಹೊಲದವರು ಕುರಿ ನಿಲ್ಲಿಸಿಕೊಂಡಿದ್ದರು. ಒಂದು ರವಿವಾರ ಇಬ್ಬರೂ ಹೋದೆವು. ಚಳಿ ಬಿಸಿಲು. ಕಟಾವು ಮಾಡಿದ ಕಬ್ಬಿನ ಒಣಗರಿ ಸುಟ್ಟ ವಾಸನೆ ಎಲ್ಲೆಲ್ಲೂ. ಬಲೆಯ ಬೇಲಿಯೊಳಗೆ ಮರಿಗಳು, ಅವುಗಳ ನಡುವೆ ಬೀರಪ್ಪ. ಬಡವಾಗಿದ್ದ. ಗಡ್ಡದಲ್ಲಿ ಬಿಳಿ ಕೂದಲು ಹೆಚ್ಚಾಗಿತ್ತು. ಅಂಗಿಯ ಗುಂಡಿಗಳು ಎಲ್ಲವೂ ತಮ್ಮ ತಮ್ಮ ಕಾಜಿನಲ್ಲಿದ್ದವು. ಶಕೀಲಾಳನ್ನು ಕಂಡು ಎದ್ದು ಬಂದು, ಅವಳ ಕೈಗೊಂದು ಮರಿ ಕೊಟ್ಟು, ಮತ್ತೆ ಹೋಗಿ ಕುಳಿತ. ನನ್ನನ್ನು ಗುರುತಿಸಿದನೋ ಇಲ್ಲವೋ.

ಸಿದ್ದಪ್ಪ ನಮಗೆ ಚಹಾ ಕಾಸಿ ಕೊಟ್ಟ. ಕೇಳದೆಯೇ ಹೇಳತೊಡಗಿದ.

"ಮೊದಲ ತಿಂಗಳ ಬಾಳ ತ್ರಾಸ ಕೊಟ್ಟಾನ್ರಿ. ಒಂದಿನ ಕಾಣಲಿಲ್ಲ. ಬಾವಿ ನೋಡಿದ್ವಿ, ಕೆನಾಲ ನೋಡಿದ್ವಿ. ಮರುದಿನ ಊರಿಂದ ಫೋನ ಬಂತ್ರಿ. ಆಗ ಮುಧೋಳದ ಕಡೆ ಇದ್ವಿ, ಅಲ್ಲಿಂದ ನಡಕೋತ ಜಮಖಂಡಿ ದಾಟಿ ಹೊಳಿ ತನಕ ಹೋಗ್ಯಾನ. ಅವ್ವನ ಮಣ್ಣಿನ ಮ್ಯಾಲ ಕುಂತಿದ್ನಂತ. ಹೋಗಿ ಬಡದೇನ್ರಿ ಅವನ್ನ. ಬಡಿಯೂ ಮುಂದ ಕೈ ಅಡ್ಡ ಹಿಡೀಲಿಲ್ಲ ಅವಾ. ಸುಮ್ನ ಕುಂತ. ನಂಗ ಸಾಕಾತು, ನಾನೂ ಬಾಜೂಕ ಕುಂತೆ. ಅಲ್ಲಿ ಕುಂತಾಗ ನಂಗ ಅಳು ಬಂತ್ರಿ. ಅವ್ವ ಸತ್ತ ದಿನ ಬಂದಿದ್ದಿಲ್ಲ."

ಚಹಾದ ಬಟ್ಟಲನ್ನು ಕೈಯಲ್ಲಿ ತಿರುಗಿಸಿದ.

"ಈಗ ಅಮಾಸಿ ಅಮಾಸಿಗಿ ನಾನ ಕರಕೊಂಡ ಹೊಕ್ಕೇನಿ. ತುಸು ಹೊತ್ತ ಕುಂದ್ರತೇವಿ, ಬರ್ತೇವಿ. ನಡುವ ಓಡಿ ಹೋಗೂದ ಬಿಟ್ಟಾನ." ಆಮೇಲೆ ನನ್ನ ಕಡೆ ನೋಡಿದ. "ಅವತ್ತ ಅವಂಗ ತೋರಿಸಿದ್ದ ಛಲೋ ಆತೋ ಕೆಟ್ಟ ಆತೋ, ನಂಗ ತಿಳಿವಲ್ದು ಅಕ್ಕಾರ. ತೋರಿಸಿದ್ದಕ್ಕ ಓಡಿ ಹೋದ, ಖರೆ. ಆದ್ರ ತೋರಿಸಿರಲಿಲ್ಲಂದ್ರ, ಆಕಿನ್ನ ಹುಡಕ್ಕೋತ ಅವಾ ಎಲ್ಲಿಗಿ ಹೋಗ್ತಿದ್ದ? ನಾ ಅವನ್ನ ಎಲ್ಲಿ ಹುಡಕ್ತಿದ್ದೆ?"

ಚಹಾ ಕುಡಿದು, ಸಂಜೆಯ ಬಸ್ಸಿಗೆ ಹೊರಟೆವು.

ಮುಂದಿನ ವರ್ಷ ನನಗೆ ವರ್ಗವಾಯಿತು. ವಸತಿಯ ಮಾತನ್ನು ನನ್ನ ನಂತರ ಬಂದವರೂ ಎತ್ತಿದರಂತೆ, ಆಗಲಿಲ್ಲವಂತೆ. ಶಕೀಲಾ ಈಗಲೂ ಅಲ್ಲೇ ಇದ್ದಾಳೆ. ಈ ಸಲ ಪರೀಕ್ಷೆಯ ಕೆಲಸ ಮುಗಿಸಿ ಅವಳ ಮನೆಗೆ ಊಟಕ್ಕೆ ಹೋಗಿದ್ದೆ. ಬೀರಪ್ಪ ಹೇಗಿದ್ದಾನೆ ಎಂದು ಕೇಳಲು ಊಟ ಮುಗಿಯುವ ತನಕ ಧೈರ್ಯ ಬರಲಿಲ್ಲ. ಹೋದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ತೀರಿಕೊಂಡ ಎಂದಳು. ಬಹಳ ನರಳಲಿಲ್ಲವಂತೆ. ತಾಯಿಯ ಮಗ್ಗುಲಲ್ಲೇ ಮಣ್ಣು ಮಾಡಿದ್ದಾರೆ.

"ಸಿದ್ದಪ್ಪ?" ಎಂದೆ.

"ಹಿಂಡು ಎಲ್ಲೇ ಇರ್ಲಿ, ಅಮಾಸಿಗಿ ಬರ್ತಾನಂತ್ರಿ ಮೇಡಂ," ಎಂದಳು ಶಕೀಲಾ. "ತುಸು ಹೊತ್ತ ಕುಂತು ಹೋಗ್ತಾನಂತ. ಒಬ್ಬನ."